ಫ್ಲಾಶ್‌ಪಾಯಿಂಟ್ ಆರ್ಕೈವ್: ಒರಟು ಇಂಟರ್ನೆಟ್ಟನ್ನು ತೊಳೆಯದೆ ಕಾಪಿಟ್ಟ ಉಗ್ರಾಣ

ತೀರ್ಪು ಮೊದಲೇ ಹೇಳಿಬಿಡೋಣ. ಫ್ಲಾಶ್ ಎಂದರೆ ಬ್ರೌಸರಿನೊಳಗೆ ಕಾರ್ಟೂನು, ಆಟ ಓಡಿಸುತ್ತಿದ್ದ ಹಳೆಯ ತಂತ್ರಾಂಶ. ಅದರ ಕಾಲದ ವಿಚಿತ್ರ, ಒರಟು, ಬೇಕೆಂದೇ ಕೆಣಕುವ ಕಾರ್ಟೂನುಗಳನ್ನೂ ಆಟಗಳನ್ನೂ ಇವತ್ತು ಅವು ಇದ್ದ ಹಾಗೇ ನೋಡಬೇಕೆಂದರೆ ಫ್ಲಾಶ್‌ಪಾಯಿಂಟ್ ಆರ್ಕೈವ್‌ಗೆ ಸಾಟಿ ಇಲ್ಲ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಕೊರತೆಗಳೂ ಇವೆ. ಇದು ಮುಖ್ಯವಾಗಿ ವಿಂಡೋಸ್ ಕಂಪ್ಯೂಟರಿಗೆಂದು ಕಟ್ಟಿದ್ದು, ಮೊಬೈಲಿಗೆ ಬರುವುದಿಲ್ಲ. ಆಂಟಿವೈರಸ್ ಇದನ್ನು ಕಂಡರೆ ಉರಿದುಬೀಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಒಂದೆರಡು ಸೆಟ್ಟಿಂಗ್ ನೋಡಿಯೇ ಕೈಗೆ ಕೊಡಬೇಕು.

ಫ್ಲಾಶ್ ನಿಲ್ಲಿಸುತ್ತೇವೆ ಎಂದು ಅದರ ಒಡೆಯ ಕಂಪನಿ ಅಡೋಬಿ ಹೇಳಿದ್ದು 2017ರ ಜುಲೈಯಲ್ಲಿ. ಬೆಂಬಲ ನಿಂತದ್ದು 2020ರ ಡಿಸೆಂಬರ್ 31ಕ್ಕೆ. 2021ರ ಜನವರಿ 12ರಿಂದ ಪ್ಲೇಯರೇ ಫೈಲುಗಳನ್ನು ಓಡಿಸಲು ಒಲ್ಲೆ ಎಂದಿತು. ಆ ಮೂರು ವರ್ಷದ ಗಡುವಿನೊಳಗೆ ಸಿಕ್ಕಷ್ಟನ್ನು ಬಾಚಿಕೊಳ್ಳಬೇಕು ಎಂದು ಹೊರಟವರು, ಬ್ಲೂಮ್ಯಾಕ್ಸಿಮಾ ಎಂಬ ಹೆಸರಿನಲ್ಲಿ ಗುರುತಿಸಿಕೊಂಡಿದ್ದ ಆಸ್ಟ್ರೇಲಿಯಾದವರೊಬ್ಬರು. 2018ರ ಆರಂಭದಲ್ಲಿ ಶುರುವಾದ ಆ ಕೆಲಸಕ್ಕೆ ಸ್ವಯಂಸೇವಕರು ಕೂಡಿಕೊಂಡು, ಈಗ ಸಂಗ್ರಹದಲ್ಲಿ 2 ಲಕ್ಷಕ್ಕೂ ಹೆಚ್ಚು ಆಟ ಮತ್ತು ಆನಿಮೇಷನ್‌ಗಳಿವೆ. ಫ್ಲಾಶ್ ಮಾತ್ರವಲ್ಲ, ಶಾಕ್‌ವೇವ್, ಜಾವಾ ಆಪ್ಲೆಟ್, ಯೂನಿಟಿ ವೆಬ್ ಪ್ಲೇಯರ್, ಸಿಲ್ವರ್‌ಲೈಟ್ ಹೀಗೆ ನೂರಕ್ಕೂ ಹೆಚ್ಚು ತಂತ್ರಜ್ಞಾನಗಳಲ್ಲಿ ಮಾಡಿದವು ಇಲ್ಲಿ ಸೇರಿವೆ.

ಬರೀ ಫೈಲ್ ಕೂಡಿಟ್ಟಿದ್ದರೆ ಇದು ಇಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ. ಆ ಕಾಲದ ಆಟಗಳಲ್ಲಿ ಬಹಳಷ್ಟಕ್ಕೆ ಸೈಟ್ ಲಾಕ್ ಇರುತ್ತಿತ್ತು. ತಾನು ಯಾವ ವಿಳಾಸದಲ್ಲಿ ಓಡುತ್ತಿದ್ದೇನೆ ಎಂದು ಆಟವೇ ಪರೀಕ್ಷಿಸಿ, ಬೇರೆ ಕಡೆ ಕಂಡರೆ ತೆರೆ ಕಪ್ಪಾಗಿಸಿ ಕೂರುತ್ತಿತ್ತು. ಇನ್ನು ಕೆಲವು ಆಟಗಳಲ್ಲಿ ಮೊದಲ ಫೈಲ್ ಬರೀ ಬಾಗಿಲು. ಹಂತ, ಸಂಗೀತ, ಚಿತ್ರ ಎಲ್ಲ ಬೇರೆ ಬೇರೆ ಫೈಲುಗಳಲ್ಲಿದ್ದು ಆಡುವಾಗ ಒಂದೊಂದಾಗಿ ಬರುತ್ತವೆ. ಫ್ಲಾಶ್‌ಪಾಯಿಂಟ್ ಇದಕ್ಕೆ ನಿಮ್ಮ ಕಂಪ್ಯೂಟರಿನಲ್ಲೇ ಒಂದು ಪುಟ್ಟ ಸರ್ವರ್ ಎಬ್ಬಿಸುತ್ತದೆ. ಆಟ ತನ್ನ ಹಳೆಯ ಸೈಟಿಗೆ ಕೂಗಿದಾಗ ಆ ಕೂಗನ್ನು ನಡುವೆಯೇ ಹಿಡಿದು, ಫೈಲನ್ನು ಸಂಗ್ರಹದಿಂದ ತೆಗೆದು ಕೊಡುತ್ತದೆ. ಆಟಕ್ಕೆ ತಾನಿನ್ನೂ 2006ರ ಯಾವುದೋ ಸೈಟಿನಲ್ಲೇ ಇದ್ದೇನೆ ಎಂಬ ನಂಬಿಕೆ. ಇಡೀ ಯೋಜನೆಯ ಜೀವಾಳ ಇದೇ, ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧದಷ್ಟಕ್ಕೆ ಕಾರಣವೂ ಇದೇ.

ಒಳಗೆ ಏನಿದೆ ಎಂಬುದಕ್ಕೆ ನ್ಯೂಗ್ರೌಂಡ್ಸ್ ಸೈಟಿನ ವಿಷಯ ಹೇಳದೆ ವಿಧಿಯಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಟಾಮ್ ಫಲ್ಪ್ 1995ರಲ್ಲಿ ಶುರುಮಾಡಿದ ಈ ಸೈಟು, 2000ದಲ್ಲಿ ಯಾರು ಬೇಕಾದರೂ ತಮ್ಮ ಫ್ಲಾಶ್ ಕೃತಿಯನ್ನು ನೇರವಾಗಿ ಏರಿಸಬಹುದಾದ ಪೋರ್ಟಲ್ ಆಯಿತು. ಸಂಪಾದಕರಿಲ್ಲ. ಓದುಗರೇ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ, ಸಾಕಷ್ಟು ಮತ ಬೀಳುವಷ್ಟರಲ್ಲಿ ಸರಾಸರಿ ತೀರಾ ಕುಸಿದರೆ ಕೃತಿಯನ್ನು ಸೈಟೇ ಕಿತ್ತುಹಾಕುತ್ತದೆ. ಅದಕ್ಕೆ ಅಲ್ಲಿನ ಮಾತು 'ಬ್ಲಾಮ್'. ಟಿವಿಯವರು, ಪತ್ರಿಕೆಯವರು ಬಾಗಿಲಲ್ಲೇ ತಡೆಯುತ್ತಿದ್ದಂಥದ್ದು ಇಲ್ಲಿ ಒಳಗೆ ಬಂದದ್ದು ಈ ಏರ್ಪಾಡಿನಿಂದ.

ಫಲ್ಪ್ ಅವರದೇ 'ಪಿಕೋಸ್ ಸ್ಕೂಲ್' ತೆಗೆದುಕೊಳ್ಳಿ. 1999ರ ಏಪ್ರಿಲಿನಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯ ಗುಂಡಿನ ದಾಳಿ ನಡೆಯಿತು. ಅದೇ ವರ್ಷ, ಶಾಲೆಯೊಳಗಿನ ಗುಂಡಿನ ದಾಳಿಯನ್ನೇ ವಸ್ತುವಾಗಿಟ್ಟುಕೊಂಡ ಈ ಆಟ ಬಂತು. ವಸ್ತು ಇವತ್ತಿಗೂ ಹೊಟ್ಟೆ ಕಿವುಚುತ್ತದೆ. ಇದನ್ನು ಮಾಡಿದ್ದು ಫ್ಲಾಶ್ 3ರಲ್ಲಿ, ಅಂದರೆ ವೇರಿಯಬಲ್ ಇಟ್ಟುಕೊಂಡು ಪ್ರೋಗ್ರಾಂ ಬರೆಯುವ ಸೌಲಭ್ಯವೇ ಇಲ್ಲದ ಆವೃತ್ತಿಯಲ್ಲಿ. ಒತ್ತಿದರೆ ಇಂಥ ಫ್ರೇಮಿಗೆ ಜಿಗಿ, ಇಂಥ ಮೂವಿ ಕ್ಲಿಪ್ ಓಡಿಸು ಎಂಬಷ್ಟೇ ಆಜ್ಞೆಗಳಲ್ಲಿ ಕವಲೊಡೆಯುವ ಕಥೆ, ಮಾತುಕತೆ, ಕಾದಾಟ ಎಲ್ಲ ಹೆಣೆದಿದ್ದಾರೆ. ಆಟವಾಡುವಾಗ ಪ್ರತಿ ಗುಂಡಿಯ ಮೇಲೆ ಸ್ವಲ್ಪ ನಿಂತು ನೋಡಿ. ಕೈಯಲ್ಲಿ ಬಣ್ಣ ಹಚ್ಚಿದ ನೂರಾರು ಫ್ರೇಮುಗಳ ನಡುವೆ ಹಾರುತ್ತಿರುವುದು ಗೊತ್ತಾಗುತ್ತದೆ. 2020ರಲ್ಲಿ ಬಂದ 'ಫ್ರೈಡೇ ನೈಟ್ ಫಂಕಿನ್' ಆಡಿದ ಹುಡುಗರಿಗೆ ಈ ಆಟದ ನಾಯಕ ಪಿಕೋ ಗೊತ್ತು, ಅವನು ಎಲ್ಲಿಂದ ಬಂದ ಎಂಬುದು ಅನೇಕರಿಗೆ ಗೊತ್ತಿರಲಾರದು.

ಚೀನಾದ ಝು ಝಿಚಿಯಾಂಗ್ ಮಾಡಿದ 'ಷಿಯಾವ್ ಷಿಯಾವ್' ಸರಣಿಯ ಕಡ್ಡಿ ಮನುಷ್ಯರ ಹೊಡೆದಾಟ ಇಲ್ಲಿದೆ. ಡೇವಿಡ್ ಫರ್ತ್ 2004ರಲ್ಲಿ ಶುರುಮಾಡಿದ 'ಸ್ಯಾಲಡ್ ಫಿಂಗರ್ಸ್' ಇದೆ. ತುಕ್ಕು ಹಿಡಿದ ಚಮಚವನ್ನು ಬೆರಳಲ್ಲಿ ಸವರುತ್ತ ಮೆಲುದನಿಯಲ್ಲಿ ಮಾತಾಡುವ ಆ ಹಸಿರು ಜೀವಿ ಬೆನ್ನುಹುರಿ ತಣ್ಣಗಾಗಿಸುತ್ತದೆ. 2008ರ ಡಿಸೆಂಬರಿನಲ್ಲಿ ಬಾಗ್ದಾದಿನ ಪತ್ರಿಕಾಗೋಷ್ಠಿಯಲ್ಲಿ ಜಾರ್ಜ್ ಬುಷ್ ಮೇಲೆ ಬೂಟು ತೂರಿಬಂದ ಕೆಲವೇ ದಿನಗಳಲ್ಲಿ ಬೂಟೆಸೆಯುವ ಆಟಗಳು ಇಂಟರ್ನೆಟ್ಟಿನಲ್ಲಿ ಓಡಾಡಿದವು. ಒಬ್ಬನೇ ಕೂತು ಒಂದೆರಡು ರಾತ್ರಿಯಲ್ಲಿ ಸುದ್ದಿಯನ್ನು ಆಟವಾಗಿಸಬಲ್ಲ ಉಪಕರಣ ಫ್ಲಾಶ್‌ಗೂ ಹಿಂದೆ ಜನರ ಕೈಗೆ ಸಿಕ್ಕಿರಲಿಲ್ಲ. ಇವುಗಳ ಪಕ್ಕದಲ್ಲೇ ಜನಾಂಗದ್ವೇಷದ್ದು, ಹೆಣ್ಣುಮಕ್ಕಳನ್ನು ಹೀಯಾಳಿಸಿದ್ದು, ಬರೀ ಕ್ರೂರವಾದದ್ದು ಕೂಡ ರಾಶಿ ಬಿದ್ದಿದೆ. ಅದನ್ನು ಹೆಕ್ಕಿ ಎಸೆದು ಚಂದದ್ದಷ್ಟನ್ನೇ ಉಳಿಸಿದ್ದರೆ ಇದು ಸುಳ್ಳು ಸಂಗ್ರಹ ಆಗುತ್ತಿತ್ತು. ಫ್ಲಾಶ್‌ಪಾಯಿಂಟ್ ಹಾಗೆ ಮಾಡಿಲ್ಲ, ಅದಕ್ಕೇ ಇದರ ಮೇಲೆ ಗೌರವ.

ಯೂಟ್ಯೂಬಿನಲ್ಲೇ ಇವೆಲ್ಲ ಸಿಗುತ್ತವಲ್ಲ ಎನ್ನುವವರಿಗೆ ಒಂದು ಮಾತು. ಫ್ಲಾಶ್ ಕಾರ್ಟೂನು ವಿಡಿಯೋ ಅಲ್ಲ. ಕಥೆಯ ನಡುವೆ ಗೋಡೆಯ ಚಿತ್ರವನ್ನೋ ಪಾತ್ರದ ಕಣ್ಣನ್ನೋ ಒತ್ತಿದರೆ ಬೇರೆ ದೃಶ್ಯ ತೆರೆದುಕೊಳ್ಳುವಂತೆ ಗುಂಡಿ ಅಡಗಿಸಿಡುವುದು ಆಗ ರೂಢಿಯಾಗಿತ್ತು. ಫ್ಲಾಶ್‌ಪಾಯಿಂಟಿನಲ್ಲಿ ಒಂದು ಕಾರ್ಟೂನು ತೆರೆದು ಟ್ಯಾಬ್ ಕೀ ಒತ್ತುತ್ತಾ ಹೋಗಿ. ಎಲ್ಲೆಲ್ಲಿ ಗುಂಡಿ ಇದೆಯೋ ಅದರ ಸುತ್ತ ತೆಳು ಹಳದಿ ಚೌಕ ಮೂಡುತ್ತದೆ. ಮಾಡಿದವರು ಅದನ್ನು ಮುಚ್ಚಿರದಿದ್ದರೆ ಅಡಗಿದ್ದೆಲ್ಲ ಬಯಲು. ಮೌಸಿನ ಬಲಗುಂಡಿ ಒತ್ತಿ ಜೂಮ್ ಇನ್ ಮಾಡಿದರೆ, ಗೆರೆಗಳೆಲ್ಲ ವೆಕ್ಟರ್ ಆದ್ದರಿಂದ ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಹಿನ್ನೆಲೆಯ ಗೋಡೆಬರಹದಲ್ಲಿ ಗೆಳೆಯರನ್ನು ಬೈದು ಬರೆದದ್ದೂ ಓದಲು ಸಿಗುತ್ತದೆ. ವಿಡಿಯೋ ಮಾಡಿದಾಗ ಇದೆಲ್ಲ ಮಸುಕಾಗಿ ಅಳಿಸಿಹೋಗಿರುತ್ತದೆ.

ಇನ್ನು ಹಾಕಿಕೊಳ್ಳುವ ಕೆಲಸ. ನೋಡುವವರಿಗೆಂದು ಎರಡು ಆವೃತ್ತಿಗಳಿವೆ. ಅಲ್ಟಿಮೇಟ್ ಎಂದರೆ ಇಡೀ ಸಂಗ್ರಹ ನಿಮ್ಮ ಡಿಸ್ಕಿಗೆ, ಅದಕ್ಕೆ 2 ಟಿಬಿಗೂ ಮೀರಿದ ಜಾಗ ಬೇಕು. ಗ್ರಂಥಾಲಯ ನಡೆಸುವವರಿಗೆ, ಸಂಶೋಧನೆ ಮಾಡುವವರಿಗೆ ಅದು ಸರಿ. ಮಿಕ್ಕವರೆಲ್ಲ ಇನ್ಫಿನಿಟಿ ತೆಗೆದುಕೊಳ್ಳಿ. ಹೆಸರು, ವಿವರಗಳ ಪಟ್ಟಿ ಮತ್ತು ಓಡಿಸುವ ತಂತ್ರಾಂಶ ಮಾತ್ರ ಮೊದಲು ಇಳಿಯುತ್ತವೆ. ಯಾವುದನ್ನು ತೆರೆಯುತ್ತೀರೋ ಅದಷ್ಟೇ ಆಗ ಇಳಿದು, ಮುಂದಿನ ಸಲ ನೆಟ್ ಇಲ್ಲದೆಯೂ ಓಡುತ್ತದೆ. ಸಾಮಾನ್ಯ ಫ್ಲಾಶ್ ಕಾರ್ಟೂನು ಕೆಲವೇ ಎಂಬಿ, ಮೊಬೈಲ್ ಹಾಟ್‌ಸ್ಪಾಟಿನಲ್ಲೂ ಹೊರೆ ಅನಿಸುವುದಿಲ್ಲ. ವಿಂಡೋಸ್ 7 ಮತ್ತು ಅದಕ್ಕಿಂತ ಹೊಸದು ಸಾಕು. ಲಿನಕ್ಸ್, ಮ್ಯಾಕ್‌ಗೂ ಆವೃತ್ತಿಗಳಿವೆ, ಆದರೆ ಅಲ್ಲಿ ಎಲ್ಲವೂ ಓಡುತ್ತದೆಂದು ನಂಬಿ ಕೂರಬೇಡಿ.

ಜಾಗ ಆರಿಸುವಾಗ ಎಡವುವವರೇ ಹೆಚ್ಚು. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ, ಅಲ್ಲಿ ಬರೆಯಲು ವಿಂಡೋಸ್ ಅನುಮತಿ ಕೊಡದೆ ಆಟಗಳು ಇಳಿಯದೇ ನಿಲ್ಲುತ್ತವೆ. ಒನ್‌ಡ್ರೈವ್ ನೋಡಿಕೊಳ್ಳುವ ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್ ಕೂಡ ಬೇಡ. ಸಾವಿರಾರು ಚಿಕ್ಕ ಫೈಲುಗಳನ್ನು ಅದು ಮೇಲಕ್ಕೆ ಎಳೆಯಲು ಹೋಗಿ ಎರಡೂ ಕೆಡುತ್ತವೆ. ಸಿ ಡ್ರೈವ್ ಅಥವಾ ಡಿ ಡ್ರೈವಿನ ಬುಡದಲ್ಲೇ ಫ್ಲಾಶ್‌ಪಾಯಿಂಟ್ ಎಂಬ ಫೋಲ್ಡರ್, ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಇಷ್ಟಾದರೆ ಮುಕ್ಕಾಲು ತೊಂದರೆ ತಪ್ಪಿತು.

ಆಂಟಿವೈರಸ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಟ ಒತ್ತಿದರೂ ಏನೂ ಆಗದಿದ್ದರೆ, ಇಲ್ಲವೇ ಲಾಂಚರ್ (ಆಟ ಆರಿಸಿ ತೆರೆಯುವ ಫ್ಲಾಶ್‌ಪಾಯಿಂಟಿನ ಕಿಟಕಿ) ಯಾವುದೋ ಫೈಲ್ ಕಾಣೆ ಎಂದರೆ, ಬಹುಪಾಲು ಸಲ ವಿಂಡೋಸ್ ಡಿಫೆಂಡರ್ ಒಂದು ಭಾಗವನ್ನು ಎತ್ತಿ ಪಕ್ಕಕ್ಕಿಟ್ಟಿರುತ್ತದೆ. ನೆಟ್ ಸಂಚಾರವನ್ನು ನಡುವೆ ಹಿಡಿಯುವುದು, ಹಳೆಯ ಪ್ಲಗಿನ್ ಓಡಿಸುವುದು, ಎರಡೂ ಅದರ ಕಣ್ಣಿಗೆ ಕಳ್ಳರ ಲಕ್ಷಣ. ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅಲ್ಲಿಂದ ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್‌ಗೆ ಹೋಗಿ ಫ್ಲಾಶ್‌ಪಾಯಿಂಟ್ ಫೋಲ್ಡರನ್ನು ಸೇರಿಸಿ. ಸೇರಿಸಿದ ಮೇಲೆ ಮತ್ತೆ ಇನ್‌ಸ್ಟಾಲ್ ಮಾಡಿ, ಏಕೆಂದರೆ ಹೋದ ಫೈಲ್ ತಾನಾಗಿ ವಾಪಸು ಬರುವುದಿಲ್ಲ. ಈ ವಿನಾಯಿತಿ ಆ ಒಂದು ಫೋಲ್ಡರಿಗೆ ಮಾತ್ರ ಇರಲಿ. ಇಡೀ ಡ್ರೈವಿಗೆ ಕೊಟ್ಟರೆ ಕಂಪ್ಯೂಟರಿನ ಬಾಗಿಲನ್ನೇ ತೆರೆದಿಟ್ಟಂತೆ. ತಂತ್ರಾಂಶವನ್ನು ಯೋಜನೆಯ ಸ್ವಂತ ಸೈಟಿನಿಂದಲೇ ಇಳಿಸಬೇಕು ಎಂಬುದು ಹೇಳಬೇಕಾಗಿಯೇ ಇಲ್ಲ.

ಇದಕ್ಕೆ ಹೊಂದಿಕೊಂಡ ಎಚ್ಚರಿಕೆ: 'ಫ್ಲಾಶ್ ಪ್ಲೇಯರ್ ಇಲ್ಲಿ ಸಿಗುತ್ತದೆ' ಎನ್ನುವ ಅಪರಿಚಿತ ಸೈಟುಗಳ ಕಡೆ ತಲೆಹಾಕಬೇಡಿ. ನಕಲಿ ಫ್ಲಾಶ್ ಅಪ್‌ಡೇಟ್ ಎನ್ನುವುದು ವೈರಸ್ ಹರಡುವವರ ಹಳೆಯ ಕುತಂತ್ರ, ಇವತ್ತಿಗೂ ನಡೆಯುತ್ತಿದೆ. ಫ್ಲಾಶ್‌ಪಾಯಿಂಟಿನಲ್ಲಿ ಬೇಕಾದ ಪ್ಲೇಯರುಗಳೆಲ್ಲ ಅದರ ಫೋಲ್ಡರಿನೊಳಗೇ ಇರುತ್ತವೆ. ನಿಮ್ಮ ದಿನಬಳಕೆಯ ಬ್ರೌಸರಿಗೆ ಅವು ಅಂಟಿಕೊಳ್ಳುವುದಿಲ್ಲ.

ಬಳಸುವಾಗ ಕಾಣುವ ಬೇರೆ ತೊಡಕುಗಳು. ಆಟ ಶುರುವಾದ ಮೇಲೆ ಲಾಂಚರ್ ಕಿಟಕಿ ಮುಚ್ಚಿದರೆ ಹಿಂದಿನ ಸರ್ವರೂ ನಿಲ್ಲುತ್ತದೆ. ಮೊದಲ ಹಂತ ಚೆನ್ನಾಗಿ ನಡೆದು ಎರಡನೆಯದರ ಹೊಸ್ತಿಲಲ್ಲಿ ಆಟ ಹೆಪ್ಪುಗಟ್ಟಿದರೆ ಕಾರಣ ಅದೇ. ಲಾಂಚರನ್ನು ಮುಚ್ಚದೆ ಕೆಳಗಿಳಿಸಿ ಇಡಿ. ಎರಡು ಪ್ರತಿ ಒಟ್ಟಿಗೆ ತೆರೆಯಬೇಡಿ, ಆ ಸರ್ವರ್ ಬಳಸುವ 22500 ಎಂಬ ಒಂದೇ ಪೋರ್ಟಿಗೆ ಎರಡೂ ಕಿತ್ತಾಡುತ್ತವೆ. ಬಹುಜನ ಆಟ, ಅಂಕಪಟ್ಟಿ ಎರಡೂ ನಡೆಯುವುದಿಲ್ಲ, ಏಕೆಂದರೆ ಅವುಗಳ ಸರ್ವರ್ ಎಂದೋ ಮುಚ್ಚಿದೆ. ಆಟದ ಸೇವ್ ಫೈಲುಗಳು ಬಹುತೇಕ ವಿಂಡೋಸಿನ ಆಪ್‌ಡೇಟಾ ಒಳಗಿನ ರೋಮಿಂಗ್, ಅದರೊಳಗಿನ ಮ್ಯಾಕ್ರೋಮೀಡಿಯಾ ಫೋಲ್ಡರಿಗೆ ಹೋಗುತ್ತವೆ. ಅಂದರೆ ಫ್ಲಾಶ್‌ಪಾಯಿಂಟ್ ಫೋಲ್ಡರ್ ಒಂದನ್ನೇ ಹೊಸ ಕಂಪ್ಯೂಟರಿಗೆ ಒಯ್ದರೆ ಆಟ ಮೊದಲಿಂದ ಶುರು. ಆ ಫೋಲ್ಡರನ್ನೂ ಜತೆಗೆ ನಕಲು ಮಾಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಕುಂಟಿದರೆ ಬಲಗುಂಡಿ ಒತ್ತಿ ಕ್ವಾಲಿಟಿಯನ್ನು ಲೋ ಮಾಡಿ. ಅಂಚುಗಳು ಗರಗಸದಂತಾದರೂ ಓಟ ಸರಾಗವಾಗುತ್ತದೆ.

ಮಕ್ಕಳ ವಿಷಯ. ಲೈಂಗಿಕ ಮತ್ತು ತೀವ್ರ ಬಗೆಯದೆಲ್ಲ ಮೊದಲಿಗೆ ಮರೆಯಲ್ಲಿರುತ್ತದೆ, ಸೆಟ್ಟಿಂಗಿನಲ್ಲಿ ತೆರೆದರೆ ಮಾತ್ರ ಕಾಣುತ್ತದೆ. ಇದು ಸರಿಯಾದ ಏರ್ಪಾಡು, ಆದರೆ ಸಾಲದು. ಬಚ್ಚಿಡುವುದು ಟ್ಯಾಗ್ ನೋಡಿ, ಟ್ಯಾಗ್ ಹಾಕಿದ್ದು ಬೇರೆ ಬೇರೆ ಸ್ವಯಂಸೇವಕರು. ಕಾರ್ಟೂನಿನ ರಕ್ತ, ಹಸಿ ಬೈಗುಳ, ಜಾತಿ ಜನಾಂಗದ ಅಣಕ ಜರಡಿಯಿಂದ ಸಲೀಸಾಗಿ ಇಳಿದುಬರುತ್ತವೆ. ಮಕ್ಕಳಿಗೆ ಕೊಡುವುದಾದರೆ ನೀವೇ ಇಪ್ಪತ್ತು ಮೂವತ್ತು ಆಟ ಆರಿಸಿ ಒಂದು ಪ್ಲೇಲಿಸ್ಟ್ ಮಾಡಿ, ಅದರೊಳಗಿನದನ್ನೇ ಆಡಲು ಹೇಳಿ. ರ‍್ಯಾಂಡಮ್ ಆಯ್ಕೆಯ ಗುಂಡಿ ದೊಡ್ಡವರಿಗೆ ಹಬ್ಬ, ಮಕ್ಕಳ ಕೈಗಲ್ಲ.

ನಿಜವಾದ ಕೊರತೆ ಬೇರೊಂದಿದೆ. ಫ್ಲಾಶ್‌ಪಾಯಿಂಟ್ ಕೃತಿಯನ್ನು ಉಳಿಸಿತು, ಅದರ ಸುತ್ತಲಿನ ಮಾತನ್ನಲ್ಲ. ಕೆಣಕುವ ಕೃತಿಗೆ ಅರ್ಥ ಬರುವುದು ಯಾರು ಕೆಣಕಿಸಿಕೊಂಡರು, ಯಾರು ತಿರುಗಿಬಿದ್ದರು ಎಂಬುದರಿಂದ. ಅದು ನ್ಯೂಗ್ರೌಂಡ್ಸಿನ ಪುಟಗಳಲ್ಲೇ ಉಳಿದಿದೆ: ಏರಿಸಿದ ತಾರೀಖು, ಬಿದ್ದ ಅಂಕ, ಅಡಿಯಲ್ಲಿ ವರ್ಷಗಟ್ಟಲೆ ಸೇರಿದ ಅಭಿಪ್ರಾಯಗಳು. ಇಲ್ಲಿ ಆಡಿ, ಅದೇ ಹೆಸರನ್ನು ಅಲ್ಲಿ ಹುಡುಕಿ ಓದಿ. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಆ ಕಾಲ ಪೂರ್ತಿ ಕಾಣುವುದು.

ಇಷ್ಟೆಲ್ಲ ಬೇಡ, ಒಂದೆರಡು ಕಾರ್ಟೂನು ಸಾಕು ಎನ್ನುವವರಿಗೆ ರಫಲ್ ಇದೆ. ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಫ್ಲಾಶ್ ಅನುಕರಣೆ ಇದು. ಹಳೆಯ ಅಡೋಬಿ ಪ್ಲೇಯರಿನ ಭದ್ರತಾ ತೂತುಗಳು ಇದಕ್ಕಿಲ್ಲ. ಬ್ರೌಸರಿಗೆ ಸೇರಿಸಿಕೊಂಡರೆ ಆಯಿತು, ಮೊಬೈಲಿನಲ್ಲೂ ಓಡುತ್ತದೆ. ನ್ಯೂಗ್ರೌಂಡ್ಸ್ ಇದನ್ನೇ ಬಳಸುತ್ತದೆ, ಇಂಟರ್ನೆಟ್ ಆರ್ಕೈವ್ ಕೂಡ 2020ರ ನವೆಂಬರಿನಿಂದ ಇದನ್ನೇ ಹಾಕಿಕೊಂಡಿದೆ. ಕಾರ್ಟೂನುಗಳಿಗೂ 2006ಕ್ಕಿಂತ ಹಿಂದಿನ ಆಟಗಳಿಗೂ ಭೇಷ್. ಆಮೇಲಿನ, ಫ್ಲಾಶ್‌ನ ಪ್ರೋಗ್ರಾಂ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಬರೆದ ದೊಡ್ಡ ಆಟಗಳಲ್ಲಿ ಎಡವುವುದುಂಟು. ನಿಮ್ಮ ಬಳಿಯ ಫೈಲ್ ಯಾವ ಬಗೆಯದು ಎಂದು ತಿಳಿಯಲು ಅದನ್ನು ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ತಂತ್ರಾಂಶ) ತೆರೆಯಿರಿ. ಮೊದಲ ಮೂರು ಅಕ್ಷರ ಎಫ್‌ಡಬ್ಲ್ಯೂಎಸ್ ಎಂದಿದ್ದರೆ ಕುಗ್ಗಿಸದ ಫೈಲು, ಸಿಡಬ್ಲ್ಯೂಎಸ್ ಎಂದಿದ್ದರೆ ಫ್ಲಾಶ್ 6ರಿಂದ ಬಂದ ಕುಗ್ಗಿಸಿದ ಬಗೆ. ನಾಲ್ಕನೆಯ ಬೈಟ್ ಆವೃತ್ತಿ ಸಂಖ್ಯೆ. ಅದು 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಕ್ಷನ್‌ಸ್ಕ್ರಿಪ್ಟ್ 3 ಅಲ್ಲವೆಂದೇ ಅರ್ಥ, ರಫಲ್‌ನಲ್ಲಿ ಮೊದಲು ನೋಡಿ. 9 ಮತ್ತು ಮೇಲಿದ್ದರೆ ನೇರ ಫ್ಲಾಶ್‌ಪಾಯಿಂಟಿಗೆ ಬನ್ನಿ.

ಕನ್ನಡದ ಹಳೆಯ ಫ್ಲಾಶ್ ಫೈಲ್ ಇರುವವರಿಗೆ ಒಂದು ಬೇರೆ ಸಮಸ್ಯೆ ಕಾದಿರುತ್ತದೆ. 2008ರ ಫ್ಲಾಶ್ ಪ್ಲೇಯರ್ 10ರವರೆಗೆ ಒತ್ತಕ್ಷರ, ಗುಣಿತಾಕ್ಷರ ಜೋಡಿಸುವ ಶಕ್ತಿ ಅದಕ್ಕಿರಲಿಲ್ಲ. ಹೀಗಾಗಿ ಮಾಡಿದವರು ಅಕ್ಷರವನ್ನು ಗೆರೆಚಿತ್ರವಾಗಿ ಒಡೆದು ಇಡುತ್ತಿದ್ದರು, ಇಲ್ಲವೇ ನುಡಿ, ಬರಹದ ಯೂನಿಕೋಡ್‌ಪೂರ್ವ ಫಾಂಟ್ ಬಳಸುತ್ತಿದ್ದರು. ಗೆರೆಚಿತ್ರವಾದದ್ದೂ, ಫಾಂಟನ್ನು ಫೈಲಿನೊಳಗೇ ಹುದುಗಿಸಿದ್ದೂ ಇವತ್ತಿಗೂ ಅಚ್ಚುಕಟ್ಟಾಗಿ ಕಾಣುತ್ತವೆ. ಫಾಂಟ್ ಹುದುಗಿಸದೆ ಬಿಟ್ಟದ್ದಾದರೆ 'ಕನ್ನಡ' ಎಂಬ ಪದದ ಜಾಗದಲ್ಲಿ ರೋಮನ್ ಅಕ್ಷರದ ನಡುವೆ ಪೌಂಡ್ ಚಿಹ್ನೆ ಸಿಕ್ಕಿಕೊಂಡ ಗೋಜಲು ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಎಸೆಯಬೇಡಿ. ಫ್ಲಾಶ್ ಫೈಲನ್ನು ಬಿಚ್ಚಿ ಒಳಗಿನದನ್ನು ತೋರಿಸುವ ಜೆಪೆಕ್ಸ್ ಎಂಬ ಉಚಿತ ಡಿಕಂಪೈಲರಿನಲ್ಲಿ ತೆರೆದರೆ ಎಡಗಡೆಯ ಫಾಂಟ್ಸ್ ಸಾಲಿನಲ್ಲಿ ಅದು ಕೇಳುತ್ತಿರುವ ಫಾಂಟಿನ ಹೆಸರು ಇರುತ್ತದೆ. ಅದೇ ಹೆಸರಿನ ಫಾಂಟ್ ವಿಂಡೋಸಿಗೆ ಹಾಕಿ, ಫೈಲನ್ನು ಮತ್ತೆ ತೆರೆಯಿರಿ.

ಹಾಗೆ ಉಳಿದದ್ದನ್ನು ಸಂಗ್ರಹಕ್ಕೆ ಸೇರಿಸುವುದು ಕಷ್ಟವಿಲ್ಲ, ಆದರೆ ಅದು ಒಮ್ಮೆ ವೆಬ್ಬಿನಲ್ಲಿ ಇದ್ದದ್ದಾಗಿರಬೇಕು, ಮೂಲ ವಿಳಾಸ ಗೊತ್ತಿರಬೇಕು. ಸೈಟು ಮುಚ್ಚಿದ್ದರೆ ಹಳೆಯ ವೆಬ್ ಪುಟಗಳನ್ನು ಕಾಪಿಟ್ಟಿರುವ ವೇಬ್ಯಾಕ್ ಮಷೀನಿನಲ್ಲಿ ಆ ವಿಳಾಸ ಹುಡುಕಿ. ಅಲ್ಲಿನ ಕೊಂಡಿಯಲ್ಲಿ ತಾರೀಖಿನ 14 ಅಂಕಿಗಳು ಮುಗಿದ ಕೂಡಲೇ ಐ, ಡಿ, ಅಂಡರ್‌ಸ್ಕೋರ್ ಈ ಮೂರನ್ನು ಸೇರಿಸಿದರೆ ಮಾರ್ಪಾಡಿಲ್ಲದ ಮೂಲ ಫೈಲ್ ಇಳಿಯುತ್ತದೆ. ಕ್ಯುರೇಟ್ ಮಾಡುವವರಿಗೆಂದೇ, ಅಂದರೆ ಸಂಗ್ರಹಕ್ಕೆ ಹೊಸ ಕೃತಿ ಸೇರಿಸುವವರಿಗೆಂದೇ ಇರುವ ಫ್ಲಾಶ್‌ಪಾಯಿಂಟ್ ಕೋರ್ ತೆರೆದು, ಕ್ಯುರೇಟ್ ವಿಭಾಗದಲ್ಲಿ ಹೊಸದೊಂದನ್ನು ಶುರುಮಾಡಿ. ಕಂಟೆಂಟ್ ಫೋಲ್ಡರಿನೊಳಗೆ ಸೈಟಿನ ಹೆಸರಿನಲ್ಲೇ ಫೋಲ್ಡರ್, ಅದರೊಳಗೆ ಮೂಲದಲ್ಲಿದ್ದ ಹಾದಿಯಂತೆಯೇ ಫೈಲ್. ಲೋಗೋ ಒಂದು, ಸ್ಕ್ರೀನ್‌ಶಾಟ್ ಒಂದು, ಎರಡೂ ಪಿಎನ್‌ಜಿ. ಲಾಂಚ್ ಕಮಾಂಡಿನ ವಿಳಾಸ ಎಚ್‌ಟಿಟಿಪಿಯಿಂದ ಶುರುವಾಗಬೇಕು, ಎಚ್‌ಟಿಟಿಪಿಯ ಕೊನೆಗೆ ಎಸ್ ಸೇರಿಸಿದರೆ ಓಡುವುದಿಲ್ಲ. ಆಟವನ್ನು ಕಡೆಯವರೆಗೆ ಆಡಿ ಯಾವ ಹಂತದ ಫೈಲೂ ಬಿಟ್ಟುಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಳುಹಿಸಿ, ಅಲ್ಲಿಯ ಪರೀಕ್ಷಕರು ಇನ್ನೊಮ್ಮೆ ನೋಡಿ ಒಳಗೆ ಬಿಡುತ್ತಾರೆ. ಭಾಷೆ ಎಂಬ ಕಾಲಂ ಖಾಲಿ ಬಿಡಬೇಡಿ. ಕನ್ನಡಕ್ಕೆ ಅಲ್ಲಿ ಹಾಕಬೇಕಾದ ಸಂಕೇತ ಇಂಗ್ಲಿಷಿನ ಕೆ ಮತ್ತು ಎನ್, ಎರಡೂ ಸಣ್ಣಕ್ಷರ.